ದೇವರ ಮನೆಗೆ ಬಂದ ಜೇಡ್ ಜೀರುಂಡೆ

ಸ್ಯಾನ್ ಹೊಸೆ: ಮೊದಲ ಬೆಳಗ್ಗೆ

ಅಮೆರಿಕಕ್ಕೆ ಹೋಗಿ ಬಂದ ಮೇಲೆ ಕುಕ್ಕರಿನ ರಬ್ಬರು ಕೊಳ್ಳಲು ಬಂದವರೂ ನನ್ನ ಅಂಗಡಿಯಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ಆ ಕೆಂಪು ಸೇತುವೆ ನೋಡಿದಿರಾ? ನೋಡಿದೆ. ಮಂಜು ಕವಿದಿದ್ದರಿಂದ ಒಂದು ಕಂಬ ಮತ್ತು ಅರ್ಧ ಹಗ್ಗ ಕಂಡವು. ಉಳಿದದ್ದೂ ಅಲ್ಲೇ ಇದೆ ಎಂದು ಭಾವ ಭರವಸೆ ಕೊಟ್ಟರು. ನಾನು ಹೇಳಬೇಕೆಂದಿರುವುದು ಸೇತುವೆಯ ಸಂಗತಿಯಲ್ಲ, ನನ್ನ ಹೆಬ್ಬೆರಳಿನಷ್ಟಿದ್ದ ಒಂದು ಕಲ್ಲಿನ ಸಂಗತಿ. ಅಷ್ಟು ದೂರ ಹಾರಿ ಹೋಗಿ ನಾನು ಸರಿಯಾಗಿ ನೋಡಿ ಬಂದದ್ದು ಅದೊಂದನ್ನೇ.

ಹಾಸನದಲ್ಲಿ ನನ್ನದು ಪಾತ್ರೆ ಅಂಗಡಿ. ಸ್ಯಾನ್ ಹೊಸೆಯಲ್ಲಿರುವುದು ನನ್ನ ಅಕ್ಕ ಲಲಿತಾ ಮತ್ತು ಶ್ರೀಧರ ಭಾವ. ಭಾವ ಮಣ್ಣಿನ ಇಂಜಿನಿಯರು. ಯಾರಾದರೂ ಕಟ್ಟಡ ಎಬ್ಬಿಸುವ ಮುಂಚೆ ಆ ನೆಲ ಭೂಕಂಪಕ್ಕೆ ತಡೆಯುತ್ತದೆಯೇ ಎಂದು ಕೊರೆದು ನೋಡಿ ಹೇಳುವುದು ಅವರ ಕೆಲಸ. ಅಕ್ಕ ಪ್ರತಿ ವರ್ಷ ಬಾ ಬಾ ಎನ್ನುತ್ತಿದ್ದಳು. ಈ ಸಲ ನನ್ನ ಹೆಂಡತಿಯೇ, "ನೀವು ಹೋಗ್ಬನ್ನಿ, ಅಂಗಡಿ ನಾನ್ ನೋಡ್ಕೋತೀನಿ. ಇಬ್ರಿಗೂ ರೆಸ್ಟಾಗುತ್ತೆ" ಎಂದು ಅಟ್ಟದಿಂದ ಸೂಟ್‌ಕೇಸು ಇಳಿಸಿದಳು.

ಮೊದಲ ದಿನ ಬೆಳಗ್ಗೆ ಸ್ನಾನಕ್ಕೆ ಹೋದವನಿಗೆ ಅಲ್ಲಿನ ನಲ್ಲಿ ಯಾವ ಕಡೆ ತಿರುಗಿಸಿದರೆ ಬಿಸಿ, ಯಾವ ಕಡೆ ತಣ್ಣಗೆ ಎಂಬುದು ತಿಳಿಯದೆ, ಅರ್ಧ ಬೆಂದು ಅರ್ಧ ನಡುಗುತ್ತಾ ಹೊರಬಂದೆ. ಅಕ್ಕ ದೇವರ ಮನೆಯಲ್ಲಿದ್ದಳು. ದೇವರ ಮನೆಯೆಂದರೆ ಅಮೆರಿಕದವರು ಕೋಟು ನೇತು ಹಾಕಲು ಕಟ್ಟಿಸಿದ ಗೂಡು. ಅಕ್ಕ ಬಾಗಿಲು ತೆಗೆಸಿ ತೋರಣ ಕಟ್ಟಿದ್ದಾಳೆ. ಚಾವಣಿಯಲ್ಲಿ ಹೊಗೆ ಕಂಡರೆ ಕಿರುಚಿಕೊಳ್ಳುವ ಯಂತ್ರವೊಂದಿದೆ. ಮಂಗಳಾರತಿ ಮುಗಿಯುವವರೆಗೂ ಅದಕ್ಕೆ ಒಂದು ಸ್ನಾನದ ಟೋಪಿ ತೊಡಿಸಿರುತ್ತಾಳೆ.

ಒಳಗೆ ನಮ್ಮ ತಾಯಿ ಕೊಟ್ಟ ಹಿತ್ತಾಳೆಯ ಬಾಲಕೃಷ್ಣ. ಅವನ ಪಕ್ಕದಲ್ಲಿ ಒಂದು ಪುಟ್ಟ ತಟ್ಟೆ, ತಟ್ಟೆಯಲ್ಲಿ ನಸುಹಸಿರು ಬಣ್ಣದ ಒಂದು ಕಲ್ಲು. ನಾಲಿಗೆಯ ಆಕಾರ, ಎರಡು ಉಬ್ಬುಗಣ್ಣು, ಬೆನ್ನ ಮೇಲೆ ನಾಲ್ಕು ಗೆರೆ, ಒಂದು ಬದಿಗೆ ಕಂದು ಕಲೆ. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಲಕ್ಷಣವಾಗಿ ಕೂತಿತ್ತು.

"ಇದ್ಯಾವ ದೇವ್ರು ಅಕ್ಕ?"

"ಕೂರ್ಮ ಕಣೋ. ಕಾಲೆಲ್ಲಾ ಒಳಗೆ ಎಳ್ಕೊಂಡಿದೆ ನೋಡು. ನಿಮ್ ಭಾವಂಗೆ ಚೈನಾದೋರೊಬ್ಬರ ಹತ್ರ ಸಿಕ್ತು. ಅಲ್ವೇನ್ರೀ?"

"ಹೂಂ, ಕೂರ್ಮ" ಎಂದರು ಭಾವ, ಎಡಗಿವಿಯ ಹಾಲೆ ಎಳೆದುಕೊಳ್ಳುತ್ತಾ.

ಈ ಮನೆಯಲ್ಲಿ ಕಲ್ಲಿಗೊಂದು ಕಾನೂನಿದೆ. ಭಾವನಿಗೆ ಹಳೆಯ ಚೀನೀ ಜೇಡ್ ಕಲ್ಲಿನ ಹುಚ್ಚು. ಗ್ಯಾರೇಜು ತುಂಬಿ ಊಟದ ಮೇಜಿಗೂ ಕಲ್ಲು ಹತ್ತತೊಡಗಿದಾಗ, "ಇನ್ನು ಈ ಮನೆಗೆ ಒಂದು ಕಲ್ಲು ಬಂದ್ರೆ ಅದು ದೇವರಾಗಿರ್ಬೇಕು" ಎಂದು ಅಕ್ಕ ಅಪ್ಪಣೆ ಮಾಡಿದ್ದಳು. ಅಂದಿನಿಂದ ಮನೆಗೆ ಬಂದ ಏಕೈಕ ಕಲ್ಲು ಈ ಕೂರ್ಮ. ಬಂದು ಒಂದು ವರ್ಷವಾಗಿತ್ತು. ಗಂಡ ದಾರಿಗೆ ಬಂದನೆಂದು ಅಕ್ಕನಿಗೆ ಬಹಳ ಸಮಾಧಾನ.

ಕೃಷ್ಣನಿಗೂ ಕೂರ್ಮನಿಗೂ ಒಟ್ಟಿಗೆ ಹಾಲಿನ ಅಭಿಷೇಕವಾಯಿತು. ಅಕ್ಕ ಉದ್ಧರಣೆಯಲ್ಲಿ ತೀರ್ಥ ಕೊಟ್ಟಳು. ಊರಿನಿಂದ ಬಂದವನೆಂದು ಎರಡು ಉದ್ಧರಣೆ ಹೆಚ್ಚೇ ಕೊಟ್ಟಳು. ನಾನು ಸುರ್ರೆಂದು ಕುಡಿದೆ. ಭಾವ ಮಾತ್ರ ಅಂಗೈಯಲ್ಲಿ ಹಿಡಿದ ತೀರ್ಥವನ್ನು ಕುಡಿಯದೆ ನೇರವಾಗಿ ತಲೆಗೆ ಸವರಿಕೊಂಡರು. ಬೋಳುತಲೆಗೆ ತಂಪಾಗಲಿ ಎಂದಿರಬಹುದು ಎಂದುಕೊಂಡೆ.

ಗ್ಯಾರೇಜು

ಅಮೆರಿಕದಲ್ಲಿ ಗ್ಯಾರೇಜು ಇರುವುದು ಕಾರು ನಿಲ್ಲಿಸಲು ಎಂದು ನಾನು ತಪ್ಪು ತಿಳಿದಿದ್ದೆ. ಅಕ್ಕನ ಮನೆಯ ಎರಡು ಕಾರುಗಳೂ ಬಿಸಿಲಲ್ಲಿ ನಿಂತಿರುತ್ತವೆ, ಗ್ಯಾರೇಜಿನ ತಂಪಿನಲ್ಲಿ ಕಲ್ಲುಗಳು ಮಖಮಲ್ಲಿನ ಮೇಲೆ ಮಲಗಿರುತ್ತವೆ. ಸರ್ಪದಂಥದ್ದು, ನಡುವೆ ತೂತಿರುವ ಬಿಲ್ಲೆ, ಹಂದಿಮರಿ, ಕತ್ತಿಯ ಹಿಡಿ. ಭಾವ ಒಂದೊಂದನ್ನೂ ಎತ್ತುವಾಗ ಹಸುಗೂಸನ್ನು ಎತ್ತುವ ಹಾಗೆ ಕತ್ತಿನ ಕೆಳಗೆ ಕೈ ಕೊಡುತ್ತಿದ್ದರು.

"ಕೈಲಿ ಹಿಡ್ಕೋ ಗೋಪಿ. ಹೇಗಿದೆ?"

"ತಣ್ಣಗಿದೆ."

"ಹಾಗೇ ಹಿಡ್ಕೊಂಡಿರು."

ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅದು ನನ್ನ ಕೈಯಷ್ಟೇ ಬೆಚ್ಚಗಾಗಿ, ಎಲ್ಲಿ ಕೈ ಮುಗಿದು ಎಲ್ಲಿ ಕಲ್ಲು ಶುರುವಾಯಿತು ಎಂಬುದೇ ತಿಳಿಯದ ಹಾಗಾಯಿತು. ಬಿಡಲು ಮನಸ್ಸು ಬರಲಿಲ್ಲ. ಇದನ್ನು ಉಳಿಯಿಂದ ಕೆತ್ತಲು ಆಗುವುದಿಲ್ಲವಂತೆ, ಉಕ್ಕಿನ ಚಾಕು ಕೂಡ ಗೀರುವುದಿಲ್ಲವಂತೆ. ಮರಳು ಹಾಕಿ ತೇಯ್ದು ತೇಯ್ದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು ಆಕಾರ ತರಬೇಕು. ಅಷ್ಟು ತಾಳ್ಮೆಯಿಂದ ಮಾಡಿದ್ದನ್ನು ಕೈಯಲ್ಲಿ ಹಿಡಿದವರಿಗೆ ಆ ತಾಳ್ಮೆಯಲ್ಲಿ ಒಂದು ಚೂರು ತಮಗೂ ಅಂಟಿತೆಂದು ಅನಿಸುತ್ತದೆ ಎಂದು ಭಾವ ಹೇಳಿದರು. ಅವರು ಆಫೀಸಿನ ಮೀಟಿಂಗುಗಳಲ್ಲೂ ಜೇಬಿನಲ್ಲಿ ಒಂದು ಹಂದಿಮರಿಯನ್ನು ಉಜ್ಜುತ್ತಾ ಕೂರುತ್ತಾರೆ.

ನಾನು ಪಾತ್ರೆಯವನು. ಏನೇ ಕೈಗೆ ಬಂದರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಇರಲಾರೆ. ತೂತಿನ ಬಿಲ್ಲೆಯನ್ನು ದಾರದಲ್ಲಿ ತೂಗಾಡಿಸಿ ತಟ್ಟಿದೆ. ಒಳ್ಳೆಯ ಕಂಚಿನ ಬಟ್ಟಲಿನ ಹಾಗೆ ದನಿ ಬಂತು. ಭಾವನ ಮುಖದಿಂದ ರಕ್ತ ಇಳಿದುಹೋಯಿತು. ಅವರನ್ನು ಸಮಾಧಾನ ಮಾಡೋಣವೆಂದು, ಒಂದು ಕಲ್ಲಿನ ಮೇಲಿದ್ದ ಕಂದು ಕಲೆ ತೋರಿಸಿ ನನ್ನ ವೃತ್ತಿಯ ಸಲಹೆ ಕೊಟ್ಟೆ.

"ಹುಣಸೇಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತೆ ಭಾವ."

ಭಾವ ಕಲ್ಲನ್ನು ಎದೆಗೆ ಒತ್ತಿಕೊಂಡರು. "ಆ ಕಲೆಗೇ ಬೆಲೆ ಕಣಪ್ಪ. ಸಾವಿರಾರು ವರ್ಷ ಮಣ್ಣಲ್ಲಿ ಹೂತಿದ್ರೆ ಬರೋ ಬಣ್ಣ ಅದು."

ನಮ್ಮಲ್ಲಿ ಹಳೆಯ ಪಾತ್ರೆ ತಂದವರಿಗೆ ತೂಕಕ್ಕೆ ಹಾಕಿ ಹೊಸದು ಕೊಡುತ್ತೇವೆ; ಸೊಟ್ಟಗಾಗಿದ್ದರೆ, ಕಿಲುಬು ಹಿಡಿದಿದ್ದರೆ ಇನ್ನೂ ಕಡಿಮೆ. ಇಲ್ಲಿ ಕಿಲುಬಿಗೇ ಮರ್ಯಾದೆ. ಹಾಗಿದ್ದರೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನೊಬ್ಬ ಕೋಟ್ಯಧೀಶ ಎಂದೆ. ಭಾವ ನಗಲಿಲ್ಲ. ಈ ಹವ್ಯಾಸದವರಿಗೆ ನಗು ಸ್ವಲ್ಪ ನಿಧಾನ. ಮಣ್ಣಲ್ಲಿ ಹೂತಿದ್ದು ಏಕೆ, ಯಾರು ಹೂತರು ಎಂದು ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊ: ಗಾಜಿನ ಪೆಟ್ಟಿಗೆ

ವಾರ ಕಳೆದ ಮೇಲೆ ಭಾವ ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೊದ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಅಕ್ಕ ಬರಲಿಲ್ಲ, ಕಲ್ಲು ನೋಡಲು ಪೆಟ್ರೋಲು ಸುಡುವುದಿಲ್ಲ ಎಂದಳು. ಹೋದದ್ದು ಆಗಸ್ಟಿನಲ್ಲಿ, ಆದರೂ ಊರಿನ ತುಂಬ ಮಂಜು, ಚಳಿ. ಬೀದಿಯಲ್ಲಿ ಒಬ್ಬ ಚಡ್ಡಿ ಹಾಕಿಕೊಂಡು ನಡುಗುತ್ತಿದ್ದ, ಅವನ ಪಕ್ಕದಲ್ಲೇ ಇನ್ನೊಬ್ಬ ಉಣ್ಣೆಯ ಟೋಪಿ ಹಾಕಿಕೊಂಡು ಐಸ್‌ಕ್ರೀಮು ತಿನ್ನುತ್ತಿದ್ದ. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ.

ಜೇಡ್ ಇಟ್ಟ ಕೋಣೆಯಲ್ಲಿ ಅಭ್ಯಾಸಬಲದಿಂದ ಒಂದು ಗಾಜಿನ ಪೆಟ್ಟಿಗೆಯನ್ನು ಗೆಣ್ಣಿನಿಂದ ತಟ್ಟಿಬಿಟ್ಟೆ. ಎಲ್ಲೋ ಕೀಂ ಕೀಂ ಎಂದಿತು. ಕಾವಲುಗಾರ್ತಿ ಬಂದು, ಬಹಳ ನಯವಾಗಿ, ನೆಲದ ಗೆರೆಯ ಹಿಂದೆ ನಿಂತು ನೋಡಿ ಎಂದಳು. ಗೆರೆಯ ಹಿಂದೆ ನಿಂತು ಕತ್ತು ಚಾಚಿದೆ. ಪೆಟ್ಟಿಗೆಯೊಳಗೆ ಕೂರ್ಮ ಇತ್ತು. ಅದೇ ನಾಲಿಗೆಯ ಆಕಾರ, ಅದೇ ಉಬ್ಬುಗಣ್ಣು, ಬೆನ್ನ ಮೇಲೆ ಅದೇ ಗೆರೆ. ಅರಿಶಿನ ಕುಂಕುಮ ಒಂದಿರಲಿಲ್ಲ.

"ಭಾವ, ನಮ್ ಕೂರ್ಮ" ಎಂದೆ ಸಂಭ್ರಮದಿಂದ.

ಭಾವನಿಗೆ ಇದ್ದಕ್ಕಿದ್ದ ಹಾಗೆ ಚಾವಣಿಯ ಕುಸುರಿ ಕೆಲಸದ ಮೇಲೆ ಆಸಕ್ತಿ ಹುಟ್ಟಿತು. ನಾನೇ ಕನ್ನಡಕ ಏರಿಸಿ, ಪಕ್ಕದ ಫಲಕದ ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿ ಓದಿದೆ. ಅದು ಆಮೆಯಲ್ಲ, ಜೀರುಂಡೆ. ನೆಲದೊಳಗೆ ವರ್ಷಗಟ್ಟಲೆ ಇದ್ದು ಮತ್ತೆ ಮೇಲೆ ಬರುವ ಹುಳು. ಸುಮಾರು ಎರಡು ಸಾವಿರ ವರ್ಷದ ಹಿಂದೆ, ಸತ್ತವರೂ ಹಾಗೇ ಎದ್ದು ಬರಲಿ ಎಂಬ ಆಸೆಯಿಂದ, ಹೂಳುವ ಮುಂಚೆ ಹೆಣದ ನಾಲಿಗೆಯ ಮೇಲೆ ಇದನ್ನು ಇಡುತ್ತಿದ್ದರು.

ಎರಡು ಸಲ ಓದಿದೆ.

"ಭಾವ, ಇದರ ತೀರ್ಥ ನಾನು ದಿನಾ ಕುಡೀತಿದೀನಲ್ಲ."

"ಮೆಲ್ಲಗೆ ಮಾತಾಡು."

"ನೀವು ತಲೆಗೆ ಸವರ್ಕೊಳೋದು ಇದಕ್ಕಾ? ನಂಗ್ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅವಳ ಹತ್ರ ಬಾಯ್ ಬಿಡ್ದೆ ಇರ್ತಿದ್ಯಾ?"

ನ್ಯಾಯವಾದ ಪ್ರಶ್ನೆ. ಚಿಕ್ಕಂದಿನಿಂದಲೂ ನನ್ನ ಬಾಯಲ್ಲಿ ಯಾವುದೂ ನಿಲ್ಲುವುದಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಕೂತು ಭಾವ ಎಲ್ಲ ಹೇಳಿದರು. ಆ ಜೀರುಂಡೆಯನ್ನು ನೋಡಿದ ದಿನ ಬಿಟ್ಟು ಬರಲು ಆಗಲಿಲ್ಲವಂತೆ. ಕಲ್ಲು ದೇವರಾಗಿದ್ದರೆ ಮನೆಗೆ ತರಬಹುದು ಎಂಬ ಅಕ್ಕನ ಕಾನೂನು ನೆನಪಾಗಿ ಕೂರ್ಮ ಎಂದುಬಿಟ್ಟರಂತೆ. ಅಕ್ಕ ಅದನ್ನು ಗ್ಯಾರೇಜಿನಲ್ಲಿ ಇಡಲಿಲ್ಲ, ಕಣ್ಣಿಗೊತ್ತಿಕೊಂಡು ಕೃಷ್ಣನ ಪಕ್ಕದಲ್ಲಿ ಕೂರಿಸಿದಳು. ಮಾರನೆಯ ಬೆಳಗ್ಗೆ ಅಭಿಷೇಕ ಶುರುವಾಯಿತು. ಅಲ್ಲಿಂದ ಮುಂದೆ ಸತ್ಯ ಹೇಳುವ ಸಮಯವೇ ಬರಲಿಲ್ಲ.

ನಮ್ಮಲ್ಲೂ ಸತ್ತವರ ಬಾಯಿಗೆ ತುಳಸಿ, ಗಂಗೆ, ಅಕ್ಕಿಕಾಳು ಹಾಕುತ್ತೇವೆ. ಆದರೆ ಆ ಅಕ್ಕಿಯನ್ನು ಅಗೆದು ತಂದು ಪಾಯಸ ಮಾಡುವುದಿಲ್ಲ ಎಂದೆ. ಭಾವ ತಲೆ ತಗ್ಗಿಸಿ ಹಂದಿಮರಿಯನ್ನು ಉಜ್ಜಿದರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಹೇವರ್ಡ್ ದಾರಿ

ಮಾತನ್ನು ಮೂರು ದಿನ ಉಳಿಸಿಕೊಂಡೆ. ಅಷ್ಟು ದಿನವೂ ತೀರ್ಥವನ್ನು ನಾನೂ ತಲೆಗೆ ಸವರಿಕೊಂಡೆ. ಒಂದೇ ಮನೆಯಲ್ಲಿ ಇಬ್ಬರು ಗಂಡಸರ ತಲೆಗೆ ಏಕಕಾಲಕ್ಕೆ ಉಷ್ಣವಾದದ್ದು ಅಕ್ಕನ ಕಣ್ಣಿಗೆ ಬೀಳದೆ ಇರುತ್ತದೆಯೇ? ಅವಳು ಮನೆಯಲ್ಲಿ ಏನೂ ಕೇಳಲಿಲ್ಲ. ಹೇವರ್ಡಿನ ಒಂದು ಗೋದಾಮಿನಲ್ಲಿ ಅಕ್ಕಿ ಬೇಳೆ ಮೂಟೆಗಟ್ಟಲೆ ಸಿಗುತ್ತದೆ ಬಾ ಎಂದು ಕಾರಿನಲ್ಲಿ ಕೂರಿಸಿಕೊಂಡಳು. ಫ್ರೀವೇ ಹತ್ತಿ, ಕಾರು ನೂರು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುವಾಗ, ಇಳಿದು ಓಡಲು ದಾರಿಯಿಲ್ಲದ ಜಾಗ ನೋಡಿ ಕೇಳಿದಳು.

"ತೀರ್ಥಕ್ಕೆ ಏನಾಗಿದೆಯೋ?"

"ಏನಿಲ್ಲ ಅಕ್ಕ. ಸ್ವಲ್ಪ ನೆಗಡಿ."

"ನೆಗಡಿ ಆದೋರು ತಲೆಗೆ ನೀರು ಹಾಕ್ಕೋತಾರಾ?"

ಮುಂದೆ ನಾನು ಹೇಳಿದ್ದೆಲ್ಲ ಒಂದೇ ಉಸಿರಿನಲ್ಲಿ ಹೊರಬಂತು: ಜೀರುಂಡೆ, ನಾಲಿಗೆ, ಹೆಣ, ಎರಡು ಸಾವಿರ ವರ್ಷ. ಅಕ್ಕ ಸ್ಟೇರಿಂಗು ಬಿಗಿಯಾಗಿ ಹಿಡಿದು ಮುಂದೆಯೇ ನೋಡುತ್ತಿದ್ದಳು. ನಾವು ಇಳಿಯಬೇಕಾದ ತಿರುವು ಬಂತು, ಹೋಯಿತು. ಮುಂದಿನದೂ ಹೋಯಿತು. ಆಮೇಲೆ ಕೇಳಿದಳು.

"ಗಂಡಸೋ ಹೆಂಗಸೋ?"

"ಯಾರು?"

"ಆ ಬಾಯಿ."

"ಬೋರ್ಡಲ್ಲಿ ಬರ್ದಿರ್ಲಿಲ್ಲ ಅಕ್ಕ. ಅದು ಬೇರೆ ಜೀರುಂಡೆ. ನಮ್ಮದು ಯಾರ ಬಾಯೋ ಗೊತ್ತಿಲ್ಲ."

"ನಮ್ಮದು" ಎಂದು ನಾನು ಅಂದದ್ದು ಅವಳಿಗೆ ಹಿಡಿಸಲಿಲ್ಲ. ಅಕ್ಕಿ ಬೇಳೆ ಕೊಳ್ಳದೆಯೇ ಮನೆಗೆ ಬಂದೆವು.

ಮತ್ತೆ ಸ್ಯಾನ್ ಹೊಸೆ

ಬಂದವಳೇ ತಲೆಗೆ ಸ್ನಾನ ಮಾಡಿದಳು. ನನಗೂ ಮಾಡಿಸಿದಳು. ದೇವರ ಮನೆ ಪೂರ್ತಿ ತೊಳೆಸಿಕೊಂಡಿತು. ಜೀರುಂಡೆಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಿಲಿಗೆ ಒಯ್ದು, ಮೇಲೊಂದು ಸ್ಟೀಲು ಲೋಟ ಬೋರಲು ಹಾಕಿದಳು. ಸಂಜೆ ಆಫೀಸಿನಿಂದ ಬಂದ ಭಾವ ಆ ಲೋಟ ನೋಡಿದರು, ನನ್ನ ಮುಖ ನೋಡಿದರು, ಎಲ್ಲ ತಿಳಿದುಕೊಂಡರು.

"ಒಂದು ವರ್ಷ ನನ್ ಕೈಲಿ ಹೆಣದ ಬಾಯಿ ತೊಳೆಸಿದ್ರಲ್ರೀ" ಎಂದಳು ಅಕ್ಕ. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ಫೋನು ತೆಗೆದು ಊರಿನ ಪುರೋಹಿತರಾದ ಶಾಮಭಟ್ಟರಿಗೆ ವೀಡಿಯೊ ಕಾಲು ಮಾಡಿದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಭಟ್ಟರು ಕಾಫಿ ಲೋಟ ಹಿಡಿದೇ ಎಲ್ಲ ಕೇಳಿಸಿಕೊಂಡರು.

"ಸತ್ತು ಎಷ್ಟು ದಿನ ಆಯ್ತಮ್ಮಾ?"

"ಎರಡು ಸಾವಿರ ವರ್ಷ ಅಂತಾರೆ."

ಭಟ್ಟರು ಕಾಫಿ ಕೆಳಗಿಟ್ಟರು. ಇಷ್ಟು ಹಳೆಯ ಸೂತಕ ಅವರ ಅನುಭವಕ್ಕೆ ಬಂದಿರಲಿಲ್ಲ. ಯೋಚಿಸಿ ತೀರ್ಪು ಕೊಟ್ಟರು. "ನೋಡಮ್ಮಾ, ಮೊದಲು ಅದು ಅಸಲಿಯೋ ನಕಲಿಯೋ ತಿಳಿದವರ ಹತ್ರ ತೋರಿಸಿ. ನಕಲಿ ಆದ್ರೆ ಯಾರ ಬಾಯಿಗೂ ಹೋಗಿಲ್ಲ, ಬರೀ ಕಲ್ಲು, ನೀನು ದೇವರು ಅಂದ್ರೆ ದೇವರು. ಅಸಲಿ ಆದ್ರೆ ಮನೇಲಿ ಇಡೋ ಹಾಗಿಲ್ಲ, ಸಮುದ್ರಕ್ಕೆ ಬಿಟ್ಟುಬಿಡಿ. ಆಮೇಲೆ ಪುಣ್ಯಾಹ ಮಾಡಿಸೋಣ."

ಕಾಲು ಮುಗಿಯಿತು. ಅಕ್ಕ ಎದ್ದು ಹೋಗಿ ಕೃಷ್ಣನ ಮುಂದೆ ನಿಂತು, ಅದು ನಕಲಿ ಅಂತಾಗಲಪ್ಪ ಎಂದು ಗಟ್ಟಿಯಾಗಿಯೇ ಬೇಡಿಕೊಂಡಳು. ಭಾವ ನನ್ನನ್ನು ಗ್ಯಾರೇಜಿಗೆ ಕರೆದರು.

"ಅಸಲಿ ಆದ್ರೆ ಸಮುದ್ರಕ್ಕೆ. ನಕಲಿ ಆದ್ರೆ ನಾನು ಪೆದ್ದ. ನಾನು ಏನಂತ ಬೇಡ್ಕೊಳ್ಲಿ ಗೋಪಿ?"

"ನೀವು ಇದುವರೆಗೂ ಯಾರಿಗೂ ತೋರಿಸಿಲ್ವಾ ಭಾವ?"

"ಇಲ್ಲ. ತೋರಿಸೋವರೆಗೂ ಅದು ಅಸಲಿ ತಾನೇ?"

ಬೇರೆಯವರ ನೆಲದಲ್ಲಿ ಮೂವತ್ತು ಅಡಿ ಕೊರೆದು ನಿಜ ಹೇಳುವ ಮನುಷ್ಯ, ಹೆಬ್ಬೆರಳಿನಷ್ಟಿದ್ದ ಒಂದು ಕಲ್ಲಿನ ನಿಜಕ್ಕೆ ಹೆದರಿ ಕೂತಿದ್ದರು. ನಗು ಬಂತು, ಹಾಗೆಯೇ ಪಾಪ ಎಂದೂ ಅನಿಸಿತು. ಬಾಯಿ ಬಿಟ್ಟು ಈ ಗತಿ ತಂದವನು ನಾನೇ ಆದ್ದರಿಂದ ನಗುವನ್ನು ನುಂಗಿಕೊಂಡೆ.

ವಾಲ್ನಟ್ ಕ್ರೀಕ್: ಹಲ್ಲಿನ ಡಾಕ್ಟರು

ಜೇಡ್ ವಿಷಯದಲ್ಲಿ ಭಾವನಿಗೆ ಗುರು ಇದ್ದದ್ದು ವಾಲ್ನಟ್ ಕ್ರೀಕಿನಲ್ಲಿ. ಡಾಕ್ಟರ್ ಲಿಯಾಂಗ್ ಎಂಬ ಎಂಬತ್ತರ ಅಜ್ಜಿ. ಜೀವಮಾನವಿಡೀ ಹಲ್ಲಿನ ಡಾಕ್ಟರಾಗಿದ್ದವರು. ಬಾಯಿಯ ಸಂಗತಿಗೆ ಬಾಯಿಯ ಡಾಕ್ಟರೇ ಸರಿ ಎಂದು ನಾನು ಹೇಳಿದ ಮಾತಿಗೆ ಕಾರಿನಲ್ಲಿ ಯಾರೂ ನಗಲಿಲ್ಲ. ಜೀರುಂಡೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ತೊಡೆಯ ಮೇಲಿತ್ತು. ಅಕ್ಕನ ತೊಡೆಯ ಮೇಲೆ ಆ ಅಜ್ಜಿಗೆಂದು ಮಾಡಿದ ಚಿತ್ರಾನ್ನದ ಡಬ್ಬಿ. ಎರಡು ಡಬ್ಬಿಗಳ ನಡುವೆ ಸಾಧ್ಯವಾದಷ್ಟು ದೂರ ಇರಲೆಂದು ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಮೂಲೆಯಲ್ಲಿ.

ಅಜ್ಜಿಯ ಮನೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅಮೆರಿಕದಲ್ಲಿ ಮೊದಲ ಸಲ ನನ್ನ ಕಾಲಿಗೆ ನಮ್ಮೂರಿನ ಮನೆಗೆ ಬಂದ ಹಾಗಾಯಿತು. ಕೂತ ಕೂಡಲೇ ಕುಡಿಯಲು ಬಿಸಿನೀರು ಕೊಟ್ಟರು, ಊಟ ಆಯಿತೇ ಎಂದು ಕೇಳಿದರು, ಇಲ್ಲವೆನ್ನುವ ಮುಂಚೆ ತಟ್ಟೆ ತಂದರು. ಗೋಡೆಯುದ್ದಕ್ಕೂ ಹಳೆಯ ಕ್ಲಿನಿಕ್ಕಿನ ತೆಳು ತೆಳು ಡ್ರಾಯರುಗಳು. ಇಕ್ಕಳ, ಸೂಜಿ ಇರಬೇಕಾದ ಕಡೆ ಜೇಡ್ ಇತ್ತು.

ಅಜ್ಜಿ ಜೀರುಂಡೆಯನ್ನು ತೆಗೆದು ಮೊದಲು ನೋಡಲೇ ಇಲ್ಲ. ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಹಲ್ಲು ನೋಡುವ ಪುಟ್ಟ ದೀಪ ಹಚ್ಚಿ, ಭೂತಗನ್ನಡಿ ಹಿಡಿದು, ಒಂದೊಂದು ಗೆರೆಯನ್ನೂ ನೋಡಿದರು. ಭಾವ ಹುಳುಕು ಹಲ್ಲಿನವರ ಹಾಗೆ ಕುರ್ಚಿಯ ಕೈ ಹಿಡಿದು ಕೂತಿದ್ದರು.

"ಕಂದು ಕಲೆ ಗೊತ್ತು. ಈ ಗೆರೆಗಳ ಒಳಗೆ ಹಳದಿ ಏನಿದು? ಇಂಥದ್ದು ನಾನು ನೋಡಿಯೇ ಇಲ್ಲ" ಎಂದರು ಇಂಗ್ಲಿಷಿನಲ್ಲಿ.

"ಅರಿಶಿನ" ಎಂದಳು ಅಕ್ಕ ಸಣ್ಣ ದನಿಯಲ್ಲಿ. ಮುಚ್ಚಿಡುವುದು ಅವಳ ಜಾಯಮಾನವಲ್ಲ. ದಿನವೂ ಹಾಲು, ಶುಕ್ರವಾರ ಮೊಸರು, ತುಪ್ಪ, ಜೇನು, ಸಕ್ಕರೆ, ಆಮೇಲೆ ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಗಂಧ ಹಚ್ಚುವುದು, ಒಂದು ದಿನವೂ ತಪ್ಪಿಸಿಲ್ಲ ಎಂದು ಎಲ್ಲವನ್ನೂ ಕೈಯಿಂದ ಮಾಡಿ ತೋರಿಸಿದಳು. ಭಾವ ನಾಚಿಕೆಯಿಂದ ನೆಲ ನೋಡುತ್ತಿದ್ದರು. ಅಜ್ಜಿ ದೀಪ ಆರಿಸಿದರು.

ಅವರ ಅಜ್ಜ ಹೀಗೆಯೇ ಮಣ್ಣಿನಿಂದ ಬಂದ ಒಂದು ಜೇಡನ್ನು ಸಾಯುವವರೆಗೂ ಅಂಗೈಯಲ್ಲಿ ಉಜ್ಜುತ್ತಿದ್ದರಂತೆ. ನೆಲದಡಿಯಲ್ಲಿದ್ದ ಕಲ್ಲು ಮಂಕಾಗಿ ಮಲಗಿರುತ್ತದೆ, ಮನುಷ್ಯರ ಕೈಯ ಬಿಸಿ ತಾಕಿ ತಾಕಿ ಮತ್ತೆ ಕಳೆ ಬರುತ್ತದೆ ಎಂದು ಅವರ ಮನೆಯಲ್ಲಿ ನಂಬಿಕೆ. ಅಕ್ಕನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, "ನಿನ್ನ ಗಂಡ ಗ್ಯಾರೇಜಿನಲ್ಲಿ ಕಲ್ಲು ಕೂಡಿಡುತ್ತಾನೆ. ನೀನು ಇದನ್ನು ಸಾಕಿದ್ದೀಯ" ಎಂದರು. ಅಕ್ಕ ಚಿತ್ರಾನ್ನದ ಡಬ್ಬಿ ಮುಂದಕ್ಕೆ ತಳ್ಳಿದಳು.

"ಅಸಲಿಯೋ ನಕಲಿಯೋ ಹೇಳಿಬಿಡಿ" ಎಂದು ನಾನೇ ಕೇಳಿದೆ. ಟೀ ಮಾಡಿ ತಂದು ಹೇಳುತ್ತೇನೆ ಎಂದು ಅಜ್ಜಿ ಎದ್ದರು. ಎಂದೂ ಅಡಿಗೆಮನೆ ಹೊಗದ ಭಾವ, ಕಪ್ಪು ಹಿಡಿದುಕೊಳ್ಳುತ್ತೇನೆ ಎಂದು ಅವರ ಹಿಂದೆಯೇ ಹೋದರು. ಟೀ ಬರುವುದು ತಡವಾಯಿತು. ಬಂದ ಮೇಲೆ ಅಜ್ಜಿ ಜೀರುಂಡೆಯನ್ನು ಅಕ್ಕನ ಅಂಗೈಯಲ್ಲಿ ಇಟ್ಟು, "ಇದು ಹೊಸದು. ಇತ್ತೀಚಿನವರು ಯಾರೋ ಚೆನ್ನಾಗಿ ಮಾಡಿದ್ದಾರೆ. ಹೆದರಬೇಡ, ಯಾರ ಬಾಯಿಗೂ ಹೋಗಿಲ್ಲ" ಎಂದರು.

ಅಕ್ಕ ಎರಡೂ ಕೈ ಎತ್ತಿ ಮುಗಿದಳು. ಭಾವ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಎಡಗಿವಿಯ ಹಾಲೆ ಎಳೆದುಕೊಳ್ಳುತ್ತಾ, "ಹೋಗ್ಲಿ ಬಿಡು ಲಲಿತಾ. ನನ್ ಹಣೇಬರಹ" ಎಂದರು. ವಾಪಸು ಬರುವಾಗ ಜೀರುಂಡೆ ಅಕ್ಕನ ಮಡಿಲಲ್ಲಿ ಕೂತು ಬಂತು.

ಸ್ಯಾನ್ ಹೊಸೆ: ಕೊನೆಯ ಬೆಳಗ್ಗೆ

ಮಾರನೆಯ ದಿನದಿಂದ ಕೂರ್ಮ ಮತ್ತೆ ಕೃಷ್ಣನ ಪಕ್ಕಕ್ಕೆ ಬಂತು. ಯಂತ್ರಕ್ಕೆ ಸ್ನಾನದ ಟೋಪಿ, ಹಾಲು, ಅರಿಶಿನ, ಎಲ್ಲ ಮೊದಲಿನ ಹಾಗೆ. ಭಾವ ತೀರ್ಥವನ್ನು ತಲೆಗೆ ಒಯ್ಯಲು ಹೋದಾಗ ಅಕ್ಕ ಕೈ ತಡೆದಳು. "ಈಗೇನ್ರೀ? ನಕಲಿ ಅಲ್ವಾ, ಕುಡೀರಿ." ಭಾವ ಕಣ್ಣು ಮುಚ್ಚಿ ಕುಡಿದರು. ನಾನು ಹೊರಡುವವರೆಗೂ ಪ್ರತಿ ಬೆಳಗ್ಗೆ ಕುಡಿದರು. ಮೋಸ ಹೋದ ಮನುಷ್ಯನಿಗೆ ಇರಬೇಕಾದ ದುಃಖ ಮಾತ್ರ ಅವರ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಗ್ಯಾರೇಜಿನಲ್ಲಿ ಸೀಟಿ ಹೊಡೆಯುತ್ತಿದ್ದರು.

ನಾನು ಹೊರಡುವ ದಿನ ಬೆಳಗ್ಗೆ ಭಾವ ಹೊರಗೆ ಕಾರಿಗೆ ಸೂಟ್‌ಕೇಸು ತುಂಬುತ್ತಿದ್ದರು. ದೇವರ ಮನೆಗೆ ನಮಸ್ಕಾರ ಮಾಡಲು ಹೋದಾಗ ನನ್ನ ಪಾತ್ರೆಯವನ ಕಣ್ಣಿಗೆ, ಅದುವರೆಗೂ ತಪ್ಪಿಸಿಕೊಂಡಿದ್ದ ಒಂದು ಸಂಗತಿ ಬಿತ್ತು. ತೀರ್ಥದ ಬಟ್ಟಲು ಎರಡಿದ್ದವು. ಒಂದು ತಾಮ್ರದ್ದು, ಒಂದು ಬೆಳ್ಳಿಯದು. ನಾನು ಬಂದಾಗ ತಾಮ್ರದ್ದು ಒಂದೇ ಇತ್ತು.

"ಇದೇನಕ್ಕ, ಎರಡು?"

ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. "ನಿಂಗೆ ನಂಗೆ ತಾಮ್ರದ್ದು. ಅದ್ರಲ್ಲಿ ಕೃಷ್ಣನ ತೀರ್ಥ ಮಾತ್ರ ಇರುತ್ತೆ. ಬೆಳ್ಳೀದು ಇದರ ಅಭಿಷೇಕದ್ದು. ಅದು ಅವರೊಬ್ಬರಿಗೇ."

"ನಕಲಿ ಅಂದ್ರಲ್ಲ ಆ ಅಜ್ಜಿ?"

"ಅಸಲಿ ಕಣೋ. ನಿಮ್ ಭಾವ ಸುಳ್ಳು ಹೇಳ್ವಾಗೆಲ್ಲ ಕಿವಿ ಎಳ್ಕೋತಾರೆ, ಮದ್ವೆ ಆದಾಗ್ನಿಂದ ನೋಡ್ತಿದೀನಿ. ಕೂರ್ಮ ಅಂದಾಗ್ಲೂ ಎಳ್ಕೊಂಡ್ರು, ಯಾಕೋ ಅಂತ ನಂಗೆ ಆಗ ಗೊತ್ತಾಗ್ಲಿಲ್ಲ. ಅಡಿಗೆಮನೆಗೆ ಹೋಗಿ ಆಯಮ್ಮನ ಕೈಲಿ ಸುಳ್ಳು ಹೇಳ್ಸಿದಾರೆ. ಅವರಿಗೇನು ಕಷ್ಟ, ಹಲ್ಲಿನ ಡಾಕ್ಟ್ರು. ನೋವಾಗಲ್ಲ ಅಂತ ದಿನಾ ಹೇಳಿ ಅಭ್ಯಾಸ."

"ಮತ್ತೆ ಸಮುದ್ರಕ್ಕೆ ಹಾಕ್ಲಿಲ್ವಲ್ಲ?"

ಅಕ್ಕ ಜೀರುಂಡೆಯನ್ನು ಎತ್ತಿಕೊಂಡು ಸೆರಗಿನ ತುದಿಯಿಂದ ಅದರ ಕಣ್ಣು ಒರೆಸಿದಳು. "ಒಂದು ವರ್ಷ ನನ್ ಕೈಲಿ ಹಾಲು ಕುಡ್ದಿದೆ ಕಣೋ. ಯಾರ ಮನೇದೋ ಏನೋ, ನಮ್ಮನೆಗೆ ಬಂತು. ಈಗ ನೀರಿಗೆ ಎಸಿ ಅಂದ್ರೆ ಕೈ ಬರುತ್ತಾ? ಭಟ್ಟರು ತಿಳಿದವರನ್ನ ಕೇಳಿ ಅಂದ್ರು, ಕೇಳ್ದೆ. ನಕಲಿ ಅಂದ್ರು. ಪಾಪ ಏನಿದ್ರೂ ಅವರಿಬ್ಬರದು."

"ಭಾವಂಗೆ ಎಷ್ಟು ದಿನ ಈ ಬೆಳ್ಳಿ ಬಟ್ಟಲು?"

"ಅವರಾಗೇ ಬಂದು ನಿಜ ಹೇಳೋವರೆಗೂ."

ಅಷ್ಟರಲ್ಲಿ ಭಾವ ಕೈ ತೊಳೆದುಕೊಂಡು ಒಳಗೆ ಬಂದರು. ಹೊತ್ತಾಯಿತು, ತೀರ್ಥ ಕೊಡು ಎಂದು ಅಂಗೈ ಚಾಚಿದರು. ಅಕ್ಕ ಗಂಭೀರವಾಗಿ ಬೆಳ್ಳಿಯ ಬಟ್ಟಲಿನಿಂದ ಒಂದು ಉದ್ಧರಣೆ ಹಾಕಿದಳು. ಭಾವ ಈ ಸಲ ಕಣ್ಣು ಮುಚ್ಚಲಿಲ್ಲ. ತಟ್ಟೆಯ ಮೇಲಿನ ಜೀರುಂಡೆಯನ್ನೇ ನೋಡುತ್ತಾ ಪೂರ್ತಿ ಕುಡಿದು, ಒದ್ದೆ ಅಂಗೈಯನ್ನು ಮತ್ತೆ ಮುಂದೆ ಮಾಡಿದರು.

"ಇನ್ನೊಂದ್ ಸ್ವಲ್ಪ ಹಾಕು ಲಲಿತಾ" ಎಂದರು.